ಸೊನ್ನೆ ಸಿಗದ ಮಷಿನ್ನು

ಶೂನ್ಯಪೀಠ ಇರುವ ಊರು ನಮ್ಮದು. ಅಂಥ ಚಿತ್ರದುರ್ಗದಲ್ಲಿ ಕೂತು ನಾನು ಎರಡು ತಿಂಗಳು ಒಂದು ಸೊನ್ನೆಗಾಗಿ ಪರದಾಡಿದೆ ಅಂದರೆ ನಗಬೇಕು ಅನ್ನಿಸುತ್ತದೆ ಅಲ್ಲವೇ? ನಗಿ. ನನ್ನ ಹೆಂಡತಿ ಆಗಲೇ ನಕ್ಕು ಮುಗಿಸಿದ್ದಾಳೆ.

ರಿಟೈರ್ ಆದಮೇಲೆ ಕೈ ಸುಮ್ಮನಿರಲಿಲ್ಲ. ಸಣ್ಣದೊಂದು ಸಿಎನ್‌ಸಿ ರೂಟರ್ ತರಿಸಿದೆ. 3018 ಅಂತಾರೆ ಇದಕ್ಕೆ. ಹಾಸು 30 ಸೆಂಟಿಮೀಟರ್ ಉದ್ದ, 18 ಅಗಲ. ಚಪಾತಿ ಮಣೆಗೆ ತಮ್ಮ ಅನ್ನಬಹುದು. ದೇವರಮನೆ ಬಾಗಿಲಿಗೆ ಜಾಲಿ ಕೊರೆದು ಕೊಡುವ ಅಂಗಡಿಗಳಲ್ಲಿ ಮಂಚದಷ್ಟು ದೊಡ್ಡ ಮಷಿನ್ ಇರುತ್ತಲ್ಲ, ಅದರ ಮರಿ. ಅದೇ ಹೊತ್ತಿಗೆ ಹಿರಿಯೂರಿನ ಭಾವ ಹೊಸಮನೆ ಕಟ್ಟಿಸಿ ‘ವೇದಾವತಿ’ ಅಂತ ಹೆಸರಿಟ್ಟರು. ಬೋರ್ಡು ನಾನೇ ಮಾಡಿಕೊಡ್ತೀನಿ ಅಂದುಬಿಟ್ಟೆ. ಬಾಯಿಗೆ ಬಾಡಿಗೆ ಕೊಡಬೇಕೇ?

ಈ ಮಷಿನ್ನಿಗೆ ಮರ ಕಾಣುವುದಿಲ್ಲ. ಎಷ್ಟು ದೂರ, ಎಷ್ಟು ಆಳ ಅನ್ನುವುದು ಗೊತ್ತು. ಎಲ್ಲಿಂದ ಅನ್ನುವುದನ್ನು ನಾವು ಹೇಳಬೇಕು. ಅದಕ್ಕೇ ಪ್ರೋಬು. ಹಲಗೆಯ ಮೇಲೊಂದು ಲೋಹದ ಬಿಲ್ಲೆ ಇಡುವುದು, ಅದಕ್ಕೊಂದು ವೈರು. ಕೊರೆಯುವ ಬಿಟ್ಟಿಗೆ ಮೊಸಳೆಬಾಯಿ ಕ್ಲಿಪ್ಪು ಕಚ್ಚಿಸುವುದು, ಅದಕ್ಕೊಂದು ವೈರು. ಬಿಟ್ಟು ಮೆಲ್ಲಗಿಳಿದು ಬಿಲ್ಲೆ ಮುಟ್ಟಿದ ಗಳಿಗೆಗೆ ಕರೆಂಟು ಹರಿದು ಮಷಿನ್ ನಿಲ್ಲುತ್ತದೆ. ಬಿಲ್ಲೆಯ ದಪ್ಪ ಕಳೆದು, ಹಲಗೆಯ ಮೈಯೇ ಸೊನ್ನೆ ಅಂತ ಬರೆದುಕೊಳ್ಳುತ್ತದೆ. ಕೇಳೋಕೆ ಎಷ್ಟು ಚೆಂದ.

ಮೊದಲ ದಿನ ಬಟನ್ ಒತ್ತಿದೆ. ಬಿಟ್ಟು ಒಂದು ಬೆರಳಷ್ಟೂ ಇಳಿಯಲಿಲ್ಲ, ನಡುಗಾಳಿಯಲ್ಲೇ ನಿಂತು ಸೊನ್ನೆ ಸಿಕ್ಕಿತು ಅಂತು. ನಾನೂ ನಂಬಿದೆ. ಆಮೇಲೆ ಮುಕ್ಕಾಲು ಗಂಟೆ, ಹಲಗೆಗೆ ಒಂದು ಗೆರೆಯೂ ತಾಗದ ಹಾಗೆ, ದೀರ್ಘಗಳೂ ತಪ್ಪದೆ ‘ವೇದಾವತಿ’ ಅಂತ ಗಾಳಿಯಲ್ಲಿ ಕೆತ್ತಿತು. ಕಾಫಿ ತಂದ ಹೆಂಡತಿ ಸ್ವಲ್ಪ ಹೊತ್ತು ನಿಂತು ನೋಡಿ, “ಬೋರ್ಡು ಬಾಳ ಹಗುರ ಬಂದೈತೆ, ಮೊಳೆ ಬ್ಯಾಡ ಬಿಡ್ರಿ” ಅಂದಳು.

ಭಾವ ಫೋನಲ್ಲಿ ಬಿಟ್ಟಾರೆಯೇ? “ಏನ್ರೀ, ಒಂದು ಸೊನ್ನೆ ಹುಡುಕಾಕೆ ಇಷ್ಟು ದಿನನಾ? ನಮ್ಮ ಮಾರಿಕಣಿವೆ ಡ್ಯಾಮು ನೋಡ್ರಿ, 1907ರಲ್ಲಿ ಮುಗ್ಸಿದ್ದು, 130 ಅಡಿ ಅಂದ್ರೆ 130 ಅಡಿ!” ನಾನಂದೆ, “ಭಾವ, ಅದು 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ಕ್ಕೆ. ಅದರಲ್ಲಿ ಕಾಲುಭಾಗ ಟೈಮು ಕೊಡಿ ಸಾಕು.”

ಮಾರನೇ ದಿನ ಮಷಿನ್ನು ಅಲಾರಂ 4 ಅಂತು. ಅದರ ಮಾರನೇ ದಿನ ಅಲಾರಂ 5. ನಾಲ್ಕು ಅಂದರೆ ‘ಹೊರಡುವ ಮುಂಚೆಯೇ ಮುಟ್ಟಿಯಾಗಿದೆಯಲ್ಲ, ಇನ್ನೇನು ಹುಡುಕಲಿ’ ಅಂತ. ಐದು ಅಂದರೆ ‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ, ಸಿಗಲಿಲ್ಲ’ ಅಂತ. ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ನನಗೆ ಇವೆರಡೂ ಹಳೇ ಪರಿಚಯದ ಉತ್ತರಗಳು. ಐದರ ದಿನ ಬಿಟ್ಟು ಬಿಲ್ಲೆಯನ್ನು ಮುಟ್ಟಿಯೂ ನಿಲ್ಲದೆ ಒತ್ತಿಕೊಂಡು ಹೋಗಿ ಲಟಕ್ಕನೆ ಮುರಿಯಿತು. ನಮ್ಮ ಓಬವ್ವ ಕಿಂಡಿಯಲ್ಲಿ ತಲೆ ಕಾಣುವ ತನಕ ಕಾದು ಒನಕೆ ಬೀಸಿದವಳು. ಇದಕ್ಕೆ ಆ ತಾಳ್ಮೆ ಎಲ್ಲಿಂದ ಬರಬೇಕು?

ಹೊಸದುರ್ಗದಿಂದ ಆಚಾರ್ರು ಬಂದಿದ್ದರು, ಬಾಗಿಲ ಚೌಕಟ್ಟಿನ ಕೆಲಸಕ್ಕೆ. ಮಷಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಜೇಬಿನಿಂದ ತಾವು ಬಂದ ಬಸ್ಸಿನ ಟಿಕೆಟ್ಟು ತೆಗೆದರು. “ಸಾರ್, ಇದನ್ನ ಹಲಗೆ ಮ್ಯಾಲೆ ಇಟ್ಟು ಬಿಟ್ಟು ಒಂಚೂರೇ ಇಳಿಸ್ರಿ. ಟಿಕೀಟು ಎಳದ್ರೆ ಬಿಗಿ ಹಿಡೀತಲ್ಲ, ಅಲ್ಲೇ ನಿಮ್ಮ ಸೊನ್ನೆ.” ನನಗೆ ಅವಮಾನವಾಯಿತು. ಇಷ್ಟು ದುಡ್ಡು ಸುರಿದು ಬಸ್ ಟಿಕೆಟ್ಟಲ್ಲಿ ಅಳೆಯುವುದೇ! ನಕ್ಕು ಸುಮ್ಮನಾದೆ.

ಕೊನೆಗೆ ಹೊಳಲ್ಕೆರೆಯಿಂದ ತಮ್ಮನ ಮಗ ಬಂದ. ಮೊಬೈಲ್ ರಿಪೇರಿ ಹುಡುಗ. ಮಲ್ಟಿಮೀಟರಿನ ಒಂದು ಮೊನೆ ಕ್ಲಿಪ್ಪಿನ ಹಲ್ಲಿಗೆ, ಇನ್ನೊಂದು ವೈರಿನ ಆ ತುದಿಗೆ ಇಟ್ಟ. ಕುಂಯ್ ಅಂತು. ವೈರನ್ನು ಕ್ಲಿಪ್ಪಿನ ಬುಡದಲ್ಲಿ ಸ್ವಲ್ಪ ಬಗ್ಗಿಸಿದ. ಗಪ್‌ಚುಪ್. ಬ್ಲೇಡಿನಿಂದ ಮೇಲಿನ ಪ್ಲಾಸ್ಟಿಕ್ಕು ಸೀಳಿದರೆ ಒಳಗೆ ತಾಮ್ರದ ಎಳೆಗಳೆಲ್ಲ ತುಂಡಾಗಿ ಹಸಿರುಗಟ್ಟಿವೆ, ಎರಡೇ ಎರಡು ಎಳೆ ಮರ್ಯಾದೆ ಕಾಪಾಡುತ್ತಿವೆ. ಬಿಲ್ಲೆಯೋ, ಕಪ್ಪು ಬಣ್ಣದ ಅಲ್ಯೂಮಿನಿಯಂ. ಆ ಕಪ್ಪು ಪೊರೆ ಕರೆಂಟನ್ನೇ ಬಿಡುವುದಿಲ್ಲವಂತೆ. ಮರಳುಕಾಗದದಲ್ಲಿ ಉಜ್ಜಿ ಬಿಳಿ ಮಾಡಿದ. ಇನ್ನು ಪ್ರೋಬಿನ ವೈರನ್ನೂ ಮೋಟಾರಿನ ವೈರನ್ನೂ ನಾನು ಅಂದವಾಗಿ ಒಂದೇ ಕಟ್ಟು ಕಟ್ಟಿದ್ದೆ. “ದೊಡ್ಡಪ್ಪ, ಮೋಟಾರಿನ ಗಲಾಟೆ ಇದಕ್ಕೆ ಹತ್ತಿ, ಮುಟ್ಟದೇನೇ ಮುಟ್ಟಿದೆ ಅಂತೈತೆ” ಅಂತ ಬೇರೆ ಮಾಡಿ, ಎರಡೂ ಪ್ರೋಬ್ ವೈರನ್ನು ಜಡೆ ಹೆಣೆದು, 0.1 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರ್ ಅಡ್ಡ ಹಾಕಿದ. ಗಾಳಿಯಲ್ಲಿ ಕೆತ್ತಿದ ಗುಟ್ಟು ಆ ಗಲಾಟೆಯೇ.

ಆಮೇಲೆ ಬಿಟ್ಟು ಮೇಲಿರುವಾಗಲೇ ಪ್ರೋಬ್ ಶುರುಮಾಡಿಸಿ, ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಬಿಟ್ಟಿಗೆ ತಾಗಿಸಿದ. ನಿಂತಿತು. “ದಿನಾ ಮೊದಲು ಹಿಂಗೆ ನೋಡ್ಕಳ್ರಿ, ಬಿಟ್ಟು ಉಳೀತೈತೆ.”

ನಾನು ಎದೆಯುಬ್ಬಿಸಿ 6 ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆ ಇಟ್ಟೆ. 2 ಮಿಲಿಮೀಟರ್ ಆಳ ಸಾಕು ಅಂದೆ. ಅದು ಹಲಗೆ ದಾಟಿ ಹಾಸಿಗೂ ಒಂದು ಮಿಲಿಮೀಟರ್ ಇಳಿಯಿತು. ‘ವೇ’ ಅಕ್ಷರದ ಹೊಟ್ಟೆ ಉದುರಿ ಬಿತ್ತು. ಹುಡುಗ ಶಾಂತವಾಗಿ ಕೇಳಿದ: “ಬಿಲ್ಲೆ ದಪ್ಪ ಎಷ್ಟಂತ ಹಾಕೀರಿ?” ಇಪ್ಪತ್ತು ಅಂದೆ. ವರ್ನಿಯರ್ ಹಿಡಿದು ನೋಡಿದರೆ ಹದಿನೈದು. ಆ ಐದರ ಸುಳ್ಳೇ ಹಾಸಿಗೆ ತೂತು ಹಾಕಿತ್ತು.

ತಿದ್ದಿದೆವು. ಹೊಸ ಹಲಗೆ, ಹೊಸ ಬಿಟ್ಟು. ಪ್ರೋಬು ಹೂವು ಮುಟ್ಟಿದ ಹಾಗೆ ಬಿಲ್ಲೆ ಮುಟ್ಟಿ ನಿಂತಿತು. ದೊಡ್ಡಪ್ಪನೂ ಮಗನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆ ಸಂಭ್ರಮದಲ್ಲೇ ಸ್ಟಾರ್ಟ್ ಒತ್ತಿದೆವು. ಬಿಟ್ಟಿನ ಮೇಲೆ ಕ್ಲಿಪ್ಪು ಇನ್ನೂ ಕಚ್ಚಿಕೊಂಡೇ ಇತ್ತು. ವೈರು ಗಾಳಿಪಟದ ದಾರದಂತೆ ಸುತ್ತಿ ಸುತ್ತಿ, ಬಿಲ್ಲೆಯನ್ನು ಎಳೆದುಕೊಂಡು ಬೀಸಿದ ಏಟಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಆಷಾಢ ಮಾಸವೇ ಹರಿದುಹೋಯಿತು.

ಬೋರ್ಡು ಈಗ ಹಿರಿಯೂರಿನ ಬಾಗಿಲಲ್ಲಿದೆ, ಬಲು ಚೆನ್ನಾಗಿ ಬಂದಿದೆ. ಪ್ರೋಬಿನ ಕರಾಮತ್ತು ಅಂತ ಭಾವ ಬಂದವರಿಗೆಲ್ಲ ಹೇಳುತ್ತಾರಂತೆ. ಆಚಾರ್ರ ಬಸ್ ಟಿಕೆಟ್ಟನ್ನು ನಾನು ಕನ್ನಡಕದ ಡಬ್ಬಿಯಲ್ಲಿಟ್ಟಿದ್ದೇನೆ. ಭಾವ ಬರುವ ದಿನ ಮಾತ್ರ ಡಬ್ಬಿಯನ್ನು ಬೀರುವಿಗೆ ಸೇರಿಸುತ್ತೇನೆ.