ಬೇಳೆಯ ಬೆಲೆ: ಒಂದು ತೌಲನಿಕ ದರಮೀಮಾಂಸೆ

ಒಂದೇ ಪದಾರ್ಥಕ್ಕೆ ಭಿನ್ನ ಅಂಗಡಿಗಳು ಆರೋಪಿಸುವ ಭಿನ್ನ ಮೌಲ್ಯಗಳನ್ನು ಪರಸ್ಪರ ಮುಖಾಮುಖಿಯಾಗಿಸಿ, ಅವುಗಳ ನಡುವಿನ ಅಂತರವನ್ನು, ಅಂದರೆ ಶಾಸ್ತ್ರವು 'ಉಳಿತಾಯ'ವೆಂದೂ ಲೋಕವು 'ನಾಲ್ಕು ರೂಪಾಯಿ'ಯೆಂದೂ ಕರೆಯುವ ತತ್ತ್ವವನ್ನು, ಅನುಸಂಧಾನಿಸುವ ಜ್ಞಾನಶಿಸ್ತಿಗೆ ದರಮೀಮಾಂಸೆ ಎಂದು ಹೆಸರು. ಇದರ ಕರ್ತೃವಾದ, ಕೈಚೀಲ ಹಿಡಿದ ಗೃಹಿಣಿಯನ್ನು ವಿದ್ವಾಂಸರು 'ವಿವೇಕಶೀಲ ಗ್ರಾಹಕಘಟಕ' ಎಂದು ನಿರ್ವಚಿಸಿದ್ದು, ಈ ಘಟಕಕ್ಕೆ ಕಾಲು ನೋಯುವುದಿಲ್ಲ, ಒಲೆಯ ಮೇಲೆ ಅನ್ನವಿಟ್ಟು ಬಂದಿರುವುದಿಲ್ಲ ಎಂಬುದು ಶಾಸ್ತ್ರದ ಮೂಲ ಗೃಹೀತ.

ಬೆಂಗಳೂರಿನ ಪರಿಪ್ರೇಕ್ಷ್ಯದಲ್ಲಿ ಅಂಗಡಿಗಳು ಪಂಚವಿಧ. ಬೀದಿ ಕೊನೆಯ ದಿನಸಿ ಅಂಗಡಿ 'ಸಮೀಪಸ್ಥ', ಅಕ್ಕಿ ಕೊಳ್ಳಲು ಹೋದವರು ಬಕೆಟ್ಟು ಹೊತ್ತು ಬರುವ ಹವಾನಿಯಂತ್ರಿತ ಮಳಿಗೆ 'ಶೀತಲ', ತಳ್ಳುಗಾಡಿ 'ಸಂಚಾರಿ'. ಉಳಿದೆರಡಕ್ಕೆ ಲಕ್ಷಣ ಹೇಳುವಷ್ಟರಲ್ಲಿ ಟೊಮೆಟೊ ಬೆಲೆ ಬದಲಾದ್ದರಿಂದ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

ಉಳಿತಾಯದಿಂದ 'ಗಮನವ್ಯಯ'ವನ್ನು, ಎಂದರೆ ಬಸ್ ಚಾರ್ಜನ್ನು, ಕಳೆಯಬೇಕೆಂಬುದು ಪ್ರಾಚೀನ ಮತ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಮಹಿಳೆಯರಿಗೆ ಈ ವ್ಯಯ ಸೊನ್ನೆಯಾದ್ದರಿಂದ, ತೌಲನಿಕ ವಿವೇಕದ ವ್ಯಾಪ್ತಿ ಯಶವಂತಪುರದ ಸಗಟು ಮಾರುಕಟ್ಟೆಯ ಯಾರ್ಡಿನವರೆಗೂ ಚಾಚಿಕೊಂಡಿದೆ. ಆದರೆ ಅಲ್ಲಿಂದ ಅಕ್ಕಿ ಮೂಟೆ ಹೊತ್ತು ಸಂಜೆ ಬಸ್ಸು ಹತ್ತುವ ಬಗೆಗೆ ಶಾಸ್ತ್ರ ಮೌನ. ಆ ಮೂಟೆಯೂ ಈಗ 26 ಕೆ.ಜಿ. ತೂಗುತ್ತದೆ, ಏಕೆಂದರೆ 2022ರ ಜುಲೈ 18ರಿಂದ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಗಳಿಗೆ ಶೇ. 5ರಷ್ಟು ಜಿಎಸ್‌ಟಿ ಬಿದ್ದಾಗ, ಮೂಟೆಗಳು ತಾವಾಗಿ ಒಂದು ಕಿಲೋ ದಪ್ಪಗಾದವು.

ಇನ್ನು 'ಪೊಟ್ಟಣ ಪಠ್ಯ'ದ ವಾಚನಕ್ರಮ. ಪೊಟ್ಟಣಗಳಿಗಿದ್ದ ನಿಗದಿತ ಅಳತೆಗಳನ್ನು ಪೊಟ್ಟಣ ಸರಕುಗಳ ನಿಯಮಗಳಿಗೆ ಬಂದ 2021ರ ತಿದ್ದುಪಡಿ ತೆಗೆದುಹಾಕಿ, ಬದಲಿಗೆ ಘಟಕ ಬೆಲೆಯನ್ನು ಅಚ್ಚು ಹಾಕಬೇಕೆಂದಿತು. ಕಿಲೋಗಿಂತ ಕಡಿಮೆಯಿದ್ದರೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕಿಲೋ ಲೆಕ್ಕ. ಹೀಗಾಗಿ ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುವ ಲೋಕದಲ್ಲಿ, ಲೀಟರಿನಂತೆಯೇ ಉಬ್ಬಿ ನಿಂತ ಪಕ್ಕದ ಪೊಟ್ಟಣದಲ್ಲಿ 850 ಗ್ರಾಂ ಇರಬಹುದು, ಅದನ್ನು ಹೇಳುವ ಅಕ್ಷರ ಜಾರುವ ಪ್ಲಾಸ್ಟಿಕ್ಕಿನ ಮಡಿಕೆಯಲ್ಲಿ, ಎಳ್ಳುಗಾತ್ರದಲ್ಲಿ ಇರಬಹುದು. ಹೋಲಿಸಿ ನೋಡಲಾಗದಂತೆ ಇಷ್ಟು ಶ್ರದ್ಧೆಯಿಂದ ಕಟ್ಟಿಟ್ಟ ಮೇಲೆ, ಹೋಲಿಸಿ ನೋಡದವರನ್ನು 'ಜಾಗೃತಿಯಿಲ್ಲದ ಗ್ರಾಹಕರು' ಎಂದು ಹೀಯಾಳಿಸುವುದಕ್ಕೆ ನಾಚಿಕೆಯಾದರೂ ಬೇಡವೇ?

ದರಮೀಮಾಂಸೆಯ ಯಾವ ಪರಿಭಾಷೆಯೂ ಮುಟ್ಟದ ಒಂದು ವಸ್ತುವಿದೆ: ಉದ್ರಿ ಪುಸ್ತಕ. ದಿನಗೂಲಿಯ ಮನೆಯ ಹೆಂಗಸು ಮೂಟೆ ಕೊಳ್ಳುವುದಿಲ್ಲ. ಕಾಲು ಕಿಲೋ ಬೇಳೆ, ಹತ್ತು ರೂಪಾಯಿ ಎಣ್ಣೆ ಕೊಂಡು, "ಬರ್ಕೊಳ್ಳಿ ಅಣ್ಣ" ಎನ್ನುತ್ತಾಳೆ. ಮುಂದಿನ ರಸ್ತೆಯಲ್ಲಿ ಅದೇ ಬೇಳೆಗೆ ಎಷ್ಟು ಕಡಿಮೆ ಎಂಬುದು ಅವಳಿಗೆ ಯಾವ ಪಂಡಿತನಿಗಿಂತಲೂ ಚೆನ್ನಾಗಿ ಗೊತ್ತು. ಅಲ್ಲಿ ನಗದು ಕೇಳುತ್ತಾರೆ, ಇಲ್ಲಿ ಮುಖ ನೋಡಿ ಕೊಡುತ್ತಾರೆ. ಕೂಲಿ ಕೈಸೇರಿದ ದಿನ ಆಸೆಪಟ್ಟು ಅಲ್ಲೇ ಕೊಂಡರೂ, ಆ ಅಂಗಡಿಯ ಹೆಸರಿರುವ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಉದ್ರಿ ಅಂಗಡಿಯವನ ಕಣ್ಣು ತಪ್ಪಿಸಿ ಹಿಂದಿನ ಗಲ್ಲಿಯಿಂದ ಮನೆ ಸೇರಬೇಕು, ಇಲ್ಲದಿದ್ದರೆ ನಾಳೆ ಪುಸ್ತಕ ತೆರೆಯುವುದಿಲ್ಲ. ನಾಲ್ಕು ಕಡೆ ವಿಚಾರಿಸಿ ಕೊಳ್ಳಿರೆಂದು ಅವಳಿಗೆ ಉಪದೇಶಿಸಲು ಹೊರಟವರು ಮೊದಲು ಆ ಪುಸ್ತಕದ ಹಳೆ ಬಾಕಿ ತೀರಿಸಿ ಬರಲಿ.