ಲಿವರಿನ ಲೆಕ್ಕ

ನಾಯಿಗೆ ಹಸಿ ಮಾಂಸ ಹಾಕುವವರ ಮನೆಯಲ್ಲಿ ತಕ್ಕಡಿಯೇ ಯಜಮಾನ. ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ 1993ರಲ್ಲಿ ಪುಸ್ತಕ ಬರೆದು ಹಬ್ಬಿಸಿದ ಹುಚ್ಚು ಇದು. ಈ ಪಂಥದವರ ಬಾಯಿಪಾಠ: ನೂರಕ್ಕೆ 80 ಮಾಂಸ, 10 ಎಲುಬು, 5 ಲಿವರ್, ಉಳಿದ 5 ಕಿಡ್ನಿ, ಗುಲ್ಮ ಇತ್ಯಾದಿ. ದಿನಕ್ಕೆ ಅರ್ಧ ಕಿಲೋ ತಿನ್ನುವ ನಾಯಿಗೆ ಲಿವರ್ ಬರೀ 25 ಗ್ರಾಂ! ಹೆಚ್ಚಾದರೆ ಮೊದಲು ಭೇದಿ. ತಿಂಗಳುಗಟ್ಟಲೆ ಅತಿಯಾದರೆ ವಿಟಮಿನ್ ಎ ಮೈಗೇರಿ ಮೂಳೆಗೇ ಸಂಚಕಾರ.

ಬಟ್ಟಲಿನ ತನಕ ಎಲ್ಲ ಸರಿ. ಸಂಜೆ ಪಾರ್ಕಿನಲ್ಲಿ ‘ಸಿಟ್’ ಕಲಿಸುವಾಗ ಜೇಬಿನಿಂದ ಹೊರಡುವುದೇನು? ಅದೇ ಲಿವರ್, ಒಣಗಿಸಿದ್ದು! ನೀರು ಆರಿ ತೂಕ ಇಳಿದಿದೆ, ವಿಟಮಿನ್ ಎ ಬಹುಪಾಲು ಅಲ್ಲೇ ಇದೆ. ಏಕಾದಶಿಯ ಫಲಾಹಾರದ ಹಾಗೆ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಯಿಗೂ ಗುಟ್ಟು ಗೊತ್ತು: ಹೇಳದೆಯೇ ಕೂರುತ್ತದೆ, ಎದ್ದು ಮತ್ತೆ ಕೂರುತ್ತದೆ.

ಜಾಣರು ಕೋಳಿಯ ಗುಂಡಿಗೆ ಬೇಯಿಸಿ ಸಣ್ಣಗೆ ಹೆಚ್ಚಿಕೊಂಡು ಹೋಗುತ್ತಾರೆ. ಈ ಪಂಥದಲ್ಲಿ ಗುಂಡಿಗೆ ಮಾಂಸದ ಖಾತೆಗೇ ಜಮಾ. ಆದರೂ ತಿಂಡಿಯೆಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ಶೇ. 10 ಮೀರಬಾರದು. ಇದನ್ನು ಮನೆಯ ಅಜ್ಜಿಗೆ ಹೇಳಿ ನೋಡಿ, “ಪಾಪ, ಅದಕ್ಕೇನು ಶುಗರ್ರೇ?” ಎಂದು ಇನ್ನೊಂದು ತುಂಡು ಎಸೆಯುತ್ತಾರೆ.