ಚೊಂಬು ಸಿಗದು, ಪಿಂಚಣಿ ಸಿಗುತ್ತೆ

ಗಂಡನನ್ನು ಕೊಂದರೆ ಅವನ ಚೊಂಬು ಸಿಗುವುದಿಲ್ಲ. ಪಿಂಚಣಿ ಸಿಗಬಹುದು.

ತಮಾಷೆಯಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಂ ನೋಡಿ. ಕೊಲೆ ಮಾಡಿದವರಿಗೂ ಕುಮ್ಮಕ್ಕು ಕೊಟ್ಟವರಿಗೂ ಸತ್ತವರ ಆಸ್ತಿಯಲ್ಲಿ ಪಾಲಿಲ್ಲ. ಸೈಟಿಲ್ಲ, ಮನೆಯಿಲ್ಲ, ಬೀರುವಿಲ್ಲ, ಬೀರುವಿನೊಳಗಿನ ಒಡವೆಯಿಲ್ಲ. ಕೊಂದವನೇ ಮೊದಲು ಸತ್ತಿದ್ದ ಎಂದು ಲೆಕ್ಕ ಹಿಡಿದು ಪಾಲು ಹಂಚುತ್ತಾರೆ.

ಈ ಬುದ್ಧಿ ದೇಶಕ್ಕೆ ಬಂದದ್ದು ನಮ್ಮವರ ಜಗಳದಿಂದ. ಕೆಂಚವ್ವ ವಿರುದ್ಧ ಗಿರಿಮಲ್ಲಪ್ಪ. ಯಾವ ಸೀಮೆಯವರು ಎಂದು ಬೇರೆ ಹೇಳಬೇಕೆ? ಆಗಿನ ಮುಂಬಯಿ ಪ್ರಾಂತ್ಯದ ಈ ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. 1924ರಲ್ಲಿ ತೀರ್ಪು ಬಂತು. ಕೊಂದವನು ವಾರಸುದಾರನಾಗುವುದು ನ್ಯಾಯಕ್ಕೂ ಒಗ್ಗದು, ಆತ್ಮಸಾಕ್ಷಿಗೂ ಒಗ್ಗದು. ಅವನು ಇಲ್ಲವೇ ಇಲ್ಲ ಎಂದುಕೊಳ್ಳಿ. ಅವನ ಹೆಸರು ಹೇಳಿಕೊಂಡು ಕೈಚಾಚುವವರಿಗೂ ಏನೂ ಇಲ್ಲ.

ನೂರು ವರ್ಷವಾಯಿತು. ಚೊಂಬಿನ ವಿಷಯ ಇತ್ಯರ್ಥವಾಗಿದೆ.

ಪಿಂಚಣಿಯ ಕತೆ ಬೇರೆ. ಕುಟುಂಬ ಪಿಂಚಣಿ ಆಸ್ತಿಯೇ ಅಲ್ಲ. 1991ರಲ್ಲಿ ವಯಲೆಟ್ ಐಸಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಗೆಂದಿತು: ಅದು ಸತ್ತವನ ಸ್ವತ್ತಿನ ಭಾಗವಲ್ಲ, ಉಯಿಲು ಬರೆದು ಯಾರಿಗೋ ಕೊಡುವಂತಿಲ್ಲ. ಒಳ್ಳೆಯ ತೀರ್ಪೇ. ಹೆಂಡತಿ ಮಕ್ಕಳ ಬಾಯಿಗೆ ಮಣ್ಣು ಹಾಕಿ ಬಂಧುಗಳಿಗೆ ಬರೆದುಕೊಡುವುದು ತಪ್ಪಿತು. ಆದರೆ ಆಸ್ತಿಯಲ್ಲ ಎಂದಮೇಲೆ 25ನೇ ಕಲಮಿಗೆ ಅಲ್ಲೇನು ಕೆಲಸ? ವಿಧವೆಯನ್ನು ಕಾಯಲು ಕಟ್ಟಿದ ಗೋಡೆ. ಕೊಂದವರೂ ಅದರ ಮರೆಯಲ್ಲೇ ನಿಂತುಕೊಳ್ಳಬಹುದು.

ನಿಂತುಕೊಳ್ಳಿ ಎಂದೇ ಒಂದು ಹೈಕೋರ್ಟು ಹೇಳಿತು. 2021ರ ಜನವರಿ, ಪಂಜಾಬ್ ಮತ್ತು ಹರಿಯಾಣ. ಅರ್ಜಿದಾರಳ ಗಂಡ ಹರಿಯಾಣ ಸರ್ಕಾರಿ ನೌಕರ, 2008ರಲ್ಲಿ ತೀರಿಕೊಂಡವನು. 2011ರಲ್ಲಿ ಕೊಲೆ ಪ್ರಕರಣದಲ್ಲಿ ಅವಳಿಗೆ ಶಿಕ್ಷೆಯಾಯಿತು, ಪಿಂಚಣಿ ನಿಂತಿತು. ಕೋರ್ಟು ಹೇಳಿತು: ಗಂಡನನ್ನೇ ಕೊಂದರೂ ಕುಟುಂಬ ಪಿಂಚಣಿ ತಪ್ಪಿಸುವಂತಿಲ್ಲ. ಬಾಕಿ ಸಮೇತ ಕೊಡಿ. ಚಿನ್ನದ ಮೊಟ್ಟೆ ಇಡುವ ಕೋಳಿಯನ್ನು ಯಾರಾದರೂ ಕೊಯ್ಯುತ್ತಾರೆಯೇ ಎಂಬ ಮಾತೂ ಅದರಲ್ಲಿತ್ತು.

ಸ್ವಾಮಿ, ಈ ಕೋಳಿಯ ವಿಶೇಷವೇ ಅದು. ಬದುಕಿದ್ದಾಗ ಕುಡಿಯುತ್ತೆ, ಹೊಡೆಯುತ್ತೆ, ಸಾಲ ಮಾಡುತ್ತೆ. ಸತ್ತಮೇಲೆ ತಿಂಗಳಿಗೊಮ್ಮೆ ತಪ್ಪದೆ ಬ್ಯಾಂಕಿಗೇ ಹೋಗಿ ಮೊಟ್ಟೆ ಇಟ್ಟು ಬರುತ್ತೆ.

(ಹೆಂಡತಿ ಎಂದ ಕೂಡಲೇ ಮೀಸೆ ತಿರುವುವ ಗಂಡಸರಿಗೆ ಒಂದು ಮಾತು. ನೌಕರಿಯಲ್ಲಿದ್ದ ಹೆಂಡತಿಯನ್ನು ಮುಗಿಸಿದ ಗಂಡನಿಗೂ ಈ ತರ್ಕದಲ್ಲಿ ಇದೇ ಮೊಟ್ಟೆ. ಜಂಭ ಬೇಡ.)

ಕೇಂದ್ರ ಸರ್ಕಾರ ಇಷ್ಟು ಧಾರಾಳಿಯಲ್ಲ. ಅದರ ಪಿಂಚಣಿ ನಿಯಮದಲ್ಲಿ ಕೊಲೆ ಆರೋಪ ಹೊತ್ತವರ ಹಕ್ಕು ಅಮಾನತು, ಶಿಕ್ಷೆಯಾದರೆ ರದ್ದು. ಭವಿಷ್ಯನಿಧಿಯಲ್ಲೂ ಹಾಗೇ. ಶಹಬ್ಬಾಸ್. ಆದರೆ ಬಾಗಿಲು ಹಾಕುವ ರಭಸಕ್ಕೆ ಮಕ್ಕಳ ಬೆರಳು ಸಿಕ್ಕಿಕೊಂಡಿತ್ತು. ಆರೋಪ ಅಮ್ಮನ ಮೇಲೆ, ಪಿಂಚಣಿ ನಿಂತದ್ದು ಇಡೀ ಮನೆಗೆ. ಅಪ್ಪ ಸ್ಮಶಾನದಲ್ಲಿ, ಅಮ್ಮ ಪರಪ್ಪನ ಅಗ್ರಹಾರದಲ್ಲಿ. ಮಕ್ಕಳ ಸ್ಕೂಲ್ ಫೀಸು ಕೇಸು ಮುಗಿದ ಮೇಲೆ. ನಮ್ಮಲ್ಲಿ ಕೇಸು ಮುಗಿಯುವ ಹೊತ್ತಿಗೆ ಆ ಮಕ್ಕಳಿಗೇ ಮಕ್ಕಳಾಗಿರುತ್ತವೆ.

ಇದು ತಪ್ಪೆಂದು ದಿಲ್ಲಿಗೆ ಹೊಳೆದದ್ದು 2021ರ ಜೂನ್ 16ಕ್ಕೆ. ಆರೋಪಿಯನ್ನು ಪಕ್ಕಕ್ಕಿಟ್ಟು ಕುಟುಂಬದಲ್ಲಿ ಮುಂದಿನ ಅರ್ಹರಿಗೆ ಕೊಡಿ ಎಂದು ಆದೇಶವಾಯಿತು. ಮಗು ಚಿಕ್ಕದಿದ್ದರೆ ಪೋಷಕರ ಮೂಲಕ ಕೊಡಿ, ಆ ಪೋಷಕರು ಕೊಲೆ ಆರೋಪಿಯೇ ಆಗಿರಬಾರದು. ಇದನ್ನೂ ಬರೆದು ಹೇಳಬೇಕಾಯಿತು.

ಈಗ ಬದುಕಿರುವವರ ಕಡೆ ಬನ್ನಿ. ನವೆಂಬರಿನಲ್ಲಿ ಮಾರತ್ತಹಳ್ಳಿ ಬ್ರಿಡ್ಜ್ ಹತ್ತಿರದ ಯಾವುದಾದರೂ ಸೈಬರ್ ಸೆಂಟರಿಗೆ ಹೋಗಿ ನಿಂತುಕೊಳ್ಳಿ. ಎಚ್‌ಎಎಲ್ ಕಡೆಯ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಲೇತ್ ತಿರುಗಿಸಿದವರು ಸಾಲಾಗಿ ಕೂತಿರುತ್ತಾರೆ. ಲೈಫ್ ಸರ್ಟಿಫಿಕೇಟ್ ಸೀಸನ್.

‘ಇನ್ನೊಂದ್ಸಲ ಒತ್ತಿ ಅಂಕಲ್. ಮ್ಯಾಚ್ ಆಗ್ತಿಲ್ಲ.’

‘ಎಲ್ಲಪ್ಪಾ ಆಗುತ್ತೆ, ರೇಖೆಯೇ ಸವೆದುಹೋಗಿದೆ.’

ಹೆಬ್ಬೆರಳನ್ನು ಪ್ಯಾಂಟಿಗೆ ಉಜ್ಜಿ ಮತ್ತೆ ಒತ್ತುತ್ತಾರೆ. ಮೆಷಿನ್ ಒಪ್ಪುವುದಿಲ್ಲ. ಮನುಷ್ಯ ಎದುರಿಗೇ ಕೂತು ಕೆಮ್ಮುತ್ತಿದ್ದಾನೆ. ಸರ್ಕಾರಕ್ಕೆ ಅನುಮಾನ.

ಪಕ್ಕದಲ್ಲಿ ವಿಧವೆ. ಅವರಿಗೆ ಬೆರಳಿನ ಜೊತೆ ಒಂದು ಪ್ರಶ್ನೆಯೂ ಇದೆ: ಮರುಮದುವೆಯಾಗಿದ್ದೀರಾ? 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ವಿಧವೆ ಮತ್ತೆ ಮದುವೆಯಾದರೆ ಅವತ್ತಿಗೇ ಪಿಂಚಣಿ ಖಲಾಸ್. ಅದಕ್ಕೆ ವಿಚಾರಣೆಯಿಲ್ಲ, ಸಾಕ್ಷಿಯಿಲ್ಲ, ಮೇಲ್ಮನವಿಯಿಲ್ಲ. ಗಂಡನನ್ನು ಕೊಂದವಳಿಗೆ ಕೋರ್ಟು, ವಕೀಲರು, ಸಂಶಯದ ಲಾಭ. ಸತ್ತ ಗಂಡನನ್ನು ಮರೆತು ಇನ್ನೊಬ್ಬನ ಕೈ ಹಿಡಿದವಳಿಗೆ ಒಂದು ಟಿಕ್ ಮಾರ್ಕು ಸಾಕು.

ಅಷ್ಟಕ್ಕೂ ಈ ಯೋಜನೆಯ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. 2014ರಿಂದ ಅಲ್ಲೇ ಇದೆ. ಕೊಲೆ ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ವಿಷದ ಖರ್ಚೂ ಹುಟ್ಟುವುದಿಲ್ಲ. ಆಸೆ ಪಡುವಂಥದ್ದೆಂದರೆ ನೌಕರಿಯಲ್ಲಿದ್ದಾಗಲೇ ಸತ್ತರೆ ಬರುವ ವಿಮೆ, ಗರಿಷ್ಠ 7 ಲಕ್ಷ. ಅದರಲ್ಲೂ ನಾಮಿನಿಯ ಹೆಸರಿನ ಇನಿಷಿಯಲ್ ಆಧಾರಿನಲ್ಲಿ ಮುಂದಿದ್ದು ಇಲ್ಲಿ ಹಿಂದಿದ್ದರೆ ಅರ್ಜಿ ವಾಪಸ್. ಅಕ್ಷರ ಹಿಂದುಮುಂದಾದರೆ ಕಂಪ್ಯೂಟರ್ ತಕ್ಷಣ ಹಿಡಿಯುತ್ತೆ.

ಇನ್ನೊಂದು ಕಿಂಡಿ ಉಳಿದಿದೆ. ಕೇಂದ್ರದ ನಿಯಮಕ್ಕೆ ಗೊತ್ತಿರುವುದು ಎರಡೇ ಬಾಗಿಲು. ಕೊಲೆಗೆ ಶಿಕ್ಷೆಯಾದರೆ ಇಲ್ಲ, ಖುಲಾಸೆಯಾದರೆ ಉಂಟು. ಆದರೆ ನಮ್ಮ ಕೋರ್ಟುಗಳಲ್ಲಿ ಮೂರನೆಯದೂ ಇದೆ: ಕೊಲೆಯಲ್ಲದ ಮಾನವಹತ್ಯೆ. ಜೀವಾವಧಿ ಎಂದು ಶುರುವಾದದ್ದು ಮೇಲ್ಮನವಿಯಲ್ಲಿ ಐದು ವರ್ಷಕ್ಕೆ ಇಳಿಯುತ್ತೆ. ಕೊಲೆ ಎಂದೇ ಉಳಿದರೆ ಆಸ್ತಿಯ ಮಟ್ಟಿಗೆ ಏನೆಂದು ಸುಪ್ರೀಂ ಕೋರ್ಟು 2005ರಲ್ಲೇ ವಳ್ಳಿಕಣ್ಣು ಪ್ರಕರಣದಲ್ಲಿ ಹೇಳಿಯಾಗಿದೆ. ಅಪ್ಪನನ್ನು ಕೊಂದ ಮಗನಿಗೆ ಕೊಲೆಗೇ ಶಿಕ್ಷೆಯಾಗಿತ್ತು, ಅವಧಿಯಷ್ಟೇ ಇಳಿದಿತ್ತು. ಪಾಲು ಮಾತ್ರ ಹುಟ್ಟಲಿಲ್ಲ. ಅವನ ಹೆಂಡತಿಗೂ ಹುಟ್ಟಲಿಲ್ಲ.

ಕೊಲೆಯಲ್ಲ ಎಂದಾದರೆ, ಪಿಂಚಣಿಯ ಮಟ್ಟಿಗೆ? ನಾಳೆ ಒಬ್ಬ ಐದು ವರ್ಷ ಮುಗಿಸಿ, ಗಡ್ಡ ಬೋಳಿಸಿ, ತೀರ್ಪಿನ ಜೆರಾಕ್ಸ್ ಹಿಡಿದು ಕೌಂಟರಿಗೆ ಬರುತ್ತಾನೆ. ‘ಸಾರ್, ನಾನು ಮಾಡಿದ್ದು ಕೊಲೆ ಅಲ್ಲ. ಕೋರ್ಟೇ ಹೇಳಿದೆ, ಓದಿ.’ ಗುಮಾಸ್ತ ಕನ್ನಡಕ ಏರಿಸಿ ಎರಡು ಸಲ ಓದುತ್ತಾನೆ. ಕಡತಕ್ಕೆ ದಾರ ಕಟ್ಟುತ್ತಾನೆ. ‘ಸ್ಪಷ್ಟೀಕರಣ ಕೋರಿ ಮೇಲಕ್ಕೆ ಕಳಿಸ್ತೀನಿ, ಬುಧವಾರ ಬನ್ನಿ. ಬರ್ತಾ ಆಧಾರ್ ತನ್ನಿ.’